ಮ್ಯಾಕ್ ಮಿನಿ ಜಿ4 ತಗೊಳ್ಳೋದಾ, ವಿಷನ್‌ಫೈವ್ 2 ತಗೊಳ್ಳೋದಾ?

ಇಂಟೆಲ್ ಪ್ರೊಸೆಸರ್ ಬೇಡ, ಆರ್ಮ್ ಪ್ರೊಸೆಸರ್ ಬೇಡ, ಓಪನ್‌ಬಿಎಸ್‌ಡಿ ಎಂಬ ಯುನಿಕ್ಸ್ ಮಾದರಿಯ ಆಪರೇಟಿಂಗ್ ಸಿಸ್ಟಮ್ ಮಾತ್ರ ಬೇಕು. ಜಾಸ್ತಿ ಖರ್ಚಿಲ್ಲದೆ ಎರಡು ದಾರಿ ಇವೆ.

2005ರ ಮ್ಯಾಕ್ ಮಿನಿ ಜಿ4 ಆಪಲ್‌ನ ಪುಟ್ಟ ಕಂಪ್ಯೂಟರ್, ಒಳಗಿರುವುದು ಪವರ್‌ಪಿಸಿ ಎಂಬ ಪ್ರೊಸೆಸರ್. ಮೆಮೊರಿ 1 ಜಿಬಿ ದಾಟುವುದಿಲ್ಲ. ಅದನ್ನು ಹಾಕಲೂ ಪುಟ್ಟಿ ಹಚ್ಚುವ ತಗಡಿನಿಂದ ಮುಚ್ಚಳ ಎಬ್ಬಿಸಬೇಕು. ಆದರೂ ನನಗೆ ಇದು ಇಷ್ಟ, ಯಾಕಂದ್ರೆ ಇದು ಬಿಗ್ ಎಂಡಿಯನ್, ಅಂದ್ರೆ ಸಂಖ್ಯೆಯ ದೊಡ್ಡ ಬೆಲೆಯ ಬೈಟನ್ನು ಮೊದಲು ಇಡುತ್ತದೆ; ಸಾಮಾನ್ಯ ಲ್ಯಾಪ್‌ಟಾಪ್‌ನದ್ದು ಇದರ ಉಲ್ಟಾ. ನಿಮ್ಮ ಸಿ ಕೋಡ್ ಬೈಟ್‌ಗಳ ಕ್ರಮ ಮರೆತಿದ್ದರೆ ಲ್ಯಾಪ್‌ಟಾಪ್ ಸುಮ್ನೆ ಇರುತ್ತದೆ. ಇಲ್ಲಿ, ಲ್ಯಾಪ್‌ಟಾಪ್‌ನಲ್ಲಿ ಬರೆದ ಫೈಲ್‌ನಲ್ಲಿನ 1 ಎಂಬ 32 ಬಿಟ್ ಸಂಖ್ಯೆ 16777216 ಆಗಿ ಕಾಣುತ್ತದೆ. ತಪ್ಪು ತಕ್ಷಣ ಸಿಕ್ಕಿತು, ಅಲ್ವಾ?

ವಿಷನ್‌ಫೈವ್ 2 ಒಂದೇ ಬೋರ್ಡಿನ ಕಂಪ್ಯೂಟರ್, ರಿಸ್ಕ್-ಫೈವ್ ಎಂಬ ಮುಕ್ತ ವಿನ್ಯಾಸದ ಪ್ರೊಸೆಸರ್ ಇರುವುದು. 64 ಬಿಟ್, ನಾಲ್ಕು ಕೋರ್, 8 ಜಿಬಿವರೆಗೆ ಮೆಮೊರಿ. ಇನ್ನೊಂದು ಕಂಪ್ಯೂಟರ್‌ನಿಂದ ಬೋರ್ಡಿನ ಜೊತೆ ಮಾತಾಡಲು ಸೀರಿಯಲ್ ಕೇಬಲ್ ಒಂದನ್ನು ಜೊತೆಗೇ ಕೊಳ್ಳಿ. ಮುಂದೆ ಲಿನಕ್ಸ್ ಬೇಕೆನಿಸಿದರೂ ತೊಂದರೆಯಿಲ್ಲ: ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್, 13ನೇ ಆವೃತ್ತಿಯಲ್ಲಿ ರಿಸ್ಕ್-ಫೈವ್ ಅನ್ನು ಅಧಿಕೃತವಾಗಿ ಸೇರಿಸಿಕೊಂಡಿದೆ. ಮಿನಿಯಲ್ಲಿರುವ 32 ಬಿಟ್ ಪವರ್‌ಪಿಸಿಯನ್ನು 9ನೇ ಆವೃತ್ತಿಯಲ್ಲೇ ಕೈಬಿಟ್ಟಿತ್ತು. ಮನೆಯ ಸರ್ವರ್‌ಗೆ ಈ ಬೋರ್ಡನ್ನೇ ತಗೊಳ್ಳಿ. ಕೋಡ್ ಬರೆಯುವವರು ಹಳೇ ಮಿನಿ ಸಿಕ್ಕರೆ ಬಿಡಬೇಡಿ.