ಲಾಕ್‌ನಲ್ಲಿ ದೋಣಿ ಇಳಿಸುವ ಮುಂಚೆ ಆ ಬಿಳಿ ಗೆರೆ ಹುಡುಕಿ

ಇಂಗ್ಲೆಂಡಿನ ಹಳೇ ಕಾಲುವೆ ಊರುಗಳಲ್ಲಿ ತಾವೇ ದೋಣಿ ನಡೆಸುವ ಆಸೆ ಇರುವವರು ಇದನ್ನು ದಯವಿಟ್ಟು ಓದಿ.

ನಾವು ಹೋಗಿದ್ದು ಕೆನೆಟ್ ಅಂಡ್ ಏವನ್ ಕಾಲುವೆಗೆ. 1810ರಲ್ಲಿ ಪೂರ್ತಿಯಾದ ಕಾಲುವೆ ಅದು. ಡಿವೈಸಸ್ ಊರಿನ ಹತ್ತಿರ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳಿವೆ. ಲಾಕ್ ಅಂದರೆ ಎರಡೂ ಕಡೆ ಗೇಟ್ ಇರುವ ನೀರಿನ ತೊಟ್ಟಿ; ಅದರೊಳಗೆ ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಮೇಲಕ್ಕೆ, ಕೆಳಕ್ಕೆ ಸಾಗಿಸುತ್ತಾರೆ. ಆ 29ರಲ್ಲಿ 16 ಲಾಕ್‌ಗಳು ಗುಡ್ಡದ ಇಳಿಜಾರಿನಲ್ಲಿ ಒಂದೇ ಸಾಲಾಗಿ ನಿಂತಿವೆ. ದಡದ ಮೇಲೆ ನಡೆದು ನೋಡಿದ್ದಕ್ಕೇ ಮನಸ್ಸು ತುಂಬಿತ್ತು. ಅಲ್ಲಿಗೇ ನಿಲ್ಲಿಸದೆ ಬ್ರಾಡ್‌ಫರ್ಡ್ ಆನ್ ಏವನ್‌ನಲ್ಲಿ ಬಾಡಿಗೆ ದೋಣಿ ಹಿಡಿದೆವು.

ಇದಕ್ಕೆ ಲೈಸೆನ್ಸ್ ಬೇಕಿಲ್ಲ. ದೋಣಿಯವರು ಕಾಲು ಗಂಟೆ ಎಂಜಿನ್, ಗ್ಯಾಸ್, ವಿಂಡ್ಲಾಸ್ ಅನ್ನೋ ಹಿಡಿಕೆ ತಿರುಗಿಸಿ ಪ್ಯಾಡಲ್ (ಲಾಕ್‌ಗೆ ನೀರು ಬಿಡುವ, ತಡೆಯುವ ಸಣ್ಣ ಬಾಗಿಲು) ಎತ್ತೋದು ಎಲ್ಲ ಹೇಳಿಕೊಟ್ಟರು. ಸಿಲ್ ಬಗ್ಗೆ ಮಾತ್ರ ಒಂದು ಮಾತೂ ಆಡಲಿಲ್ಲ.

ಲಾಕ್‌ನ ಮೇಲಿನ ಗೇಟಿನ ಬುಡದಲ್ಲಿ ಒಳಕ್ಕೆ ಚಾಚಿಕೊಂಡ ಗಟ್ಟಿ ಕಟ್ಟೆ ಇರುತ್ತದೆ. ಅದೇ ಸಿಲ್. ಲಾಕ್ ತುಂಬಿದ್ದಾಗ ಅದು ಕಾಣಿಸೋದೇ ಇಲ್ಲ. ಅದು ಎಲ್ಲಿವರೆಗೆ ಚಾಚಿದೆ ಅಂತ ತೋರಿಸಲು ಪಕ್ಕದ ಗೋಡೆ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಕೆಳಕ್ಕೆ ಇಳಿಯುವಾಗ ದೋಣಿಯ ಹಿಂಬದಿ ಆ ಗೆರೆಗಿಂತ ಮುಂದೆಯೇ ಇರಬೇಕು. ನಮಗೆ ಗೊತ್ತಿರಲಿಲ್ಲ.

ನನ್ನ ತಮ್ಮ ಕೆಳಗಿನ ಗೇಟಿನ ಪ್ಯಾಡಲ್ ಎತ್ತಿದ. ನೀರು ಇಳಿಯತೊಡಗಿತು. ದೋಣಿ ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ಸರಿದಿದ್ದು ಯಾರ ಗಮನಕ್ಕೂ ಬರಲಿಲ್ಲ. ಇದ್ದಕ್ಕಿದ್ದಂತೆ ಕೆಳಗೆ ಕರ್ ಅಂತ ಸದ್ದು. ಹಿಂಬದಿ ಅಲ್ಲೇ ಕೂತುಬಿಟ್ಟಿತು, ಮುಂಭಾಗ ಮಾತ್ರ ಇಳಿಯುತ್ತಲೇ ಇತ್ತು. ಒಳಗೆ ಟೀ ಲೋಟಗಳು ಮೇಜಿನಿಂದ ಜಾರಿ ಒಡೆದವು. ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ಕೈ ನಡುಗುತ್ತಿತ್ತು.

ದಡದಲ್ಲಿದ್ದ ಹಿರಿಯರೊಬ್ಬರು ಕೂಗಿಕೊಂಡು ಓಡಿ ಬಂದು ಕೆಳಗಿನ ಪ್ಯಾಡಲ್‌ಗಳನ್ನು ತಕ್ಷಣ ಮುಚ್ಚಿಸಿದರು. ಆಮೇಲೆ ಮೇಲಿನ ಪ್ಯಾಡಲ್ ನಿಧಾನವಾಗಿ ತೆರೆದು ನೀರು ತುಂಬಿಸಿದರು. ದೋಣಿ ಮತ್ತೆ ತೇಲಿತು. ಇನ್ನೊಂದೆರಡು ನಿಮಿಷ ಆಗಿದ್ದರೆ ಮುಂಭಾಗದಲ್ಲಿ ನೀರು ನುಗ್ಗಿ ದೋಣಿಯೇ ಮುಳುಗುತ್ತಿತ್ತು.

ಹಾಗಾಗಿ ದೋಣಿ ತಗೊಳ್ಳುವಾಗ ಸಿಲ್ ಬಗ್ಗೆ ನೀವೇ ಬಾಯಿಬಿಟ್ಟು ಕೇಳಿ. ನೀರು ಇಳಿಯುವಷ್ಟು ಹೊತ್ತೂ ಒಬ್ಬರು ಚುಕ್ಕಾಣಿ ಬಿಡದೆ ಆ ಗೆರೆ ನೋಡುತ್ತಿರಲಿ. ಪ್ಯಾಡಲ್ ಹತ್ತಿರ ಇರುವವರು ವಿಂಡ್ಲಾಸ್ ಕೈಯಲ್ಲೇ ಹಿಡಿದು ಅಲ್ಲೇ ನಿಂತಿರಲಿ, ಫೋಟೋ ತೆಗೆಯಲು ಹೋಗೋದು ಬೇಡ. ನಮ್ಮ ತಮ್ಮ ಹೋಗಿದ್ದು ಅದಕ್ಕೇ.