ಐಹೊಳೆಗೆ ಅರ್ಧ ತಾಸು ಸಾಲದು

ಬಾದಾಮಿಯಿಂದ ಹೊರಡುವ ಟ್ಯಾಕ್ಸಿಗಳ ಲೆಕ್ಕದಲ್ಲಿ ಐಹೊಳೆ ಅಂದರೆ ಅರ್ಧ ತಾಸು. ದುರ್ಗ ಗುಡಿ ಮುಂದೆ ಇಳಿ, ಫೋಟೊ ಹೊಡಿ, ಪಟ್ಟದಕಲ್ಲಿಗೆ ನಡಿ. ಹಾಗೆ ನೋಡಿ ಬಂದವರು ಈ ಊರಿಗೆ ಹತ್ತಕ್ಕೆ ಐದು ಅಂಕ ಕೊಟ್ಟರೆ ತಪ್ಪಿಲ್ಲ. ನಾಲ್ಕೈದು ತಾಸು ಇಟ್ಟುಕೊಂಡು ಬೇಲಿಯಾಚೆಗೂ ಕಾಲಾಡಿಸಿದರೆ ಒಂಬತ್ತಕ್ಕೆ ಕಡಿಮೆ ಇಲ್ಲ.

ಹುನಗುಂದ ತಾಲ್ಲೂಕಿನ ಈ ಹಳ್ಳಿ ಮಲಪ್ರಭೆಯ ದಂಡೆಗಿದೆ. ಬಾದಾಮಿಯಿಂದ ಸುಮಾರು 35 ಕಿ.ಮೀ., ಪಟ್ಟದಕಲ್ಲು ದಾರಿಯಲ್ಲೇ ಸಿಗುತ್ತದೆ. ಶಾಸನಗಳಲ್ಲಿ ಇದು ಅಯ್ಯಾವೊಳೆ. ದಕ್ಷಿಣದ ಉದ್ದಗಲಕ್ಕೂ ವ್ಯಾಪಾರ ಮಾಡುತ್ತಿದ್ದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘಕ್ಕೆ ಹೆಸರು ಬಂದದ್ದು ಇಲ್ಲಿಂದಲೇ. ಇಂದು ಓಣಿ, ಹಿತ್ತಲು, ಹೊಲದ ಬದು, ಎಲ್ಲೆಂದರಲ್ಲಿ ಗುಡಿ. 120ಕ್ಕೂ ಹೆಚ್ಚು.

ಹೆಚ್ಚಿನವರು ಎಡವುವುದು ನೋಡುವ ಕ್ರಮದಲ್ಲಿ. ಹತ್ತೂವರೆಗೆ ಬಂದು, ಟಿಕೆಟ್ ಇರುವ ಆವರಣ ಮುಗಿಸಿ, ಮಧ್ಯಾಹ್ನ ಮೇಗುಟಿ ಗುಡ್ಡ ಹತ್ತುತ್ತಾರೆ. ಮೇಲೆ ನೆರಳಿಲ್ಲ, ಬರಿಗಾಲಿಗೆ ಕಲ್ಲು ಕಾದ ಹೆಂಚು. ಅದಕ್ಕಿಂತ ದೊಡ್ಡ ನಷ್ಟ ಬೆಳಕಿನದು. ಕವಿ ರವಿಕೀರ್ತಿಯ ಶಾಸನ ಇರುವುದು ಮೇಗುಟಿ ಬಸದಿಯ ಪೂರ್ವದ ಗೋಡೆಯ ಮೇಲೆ, ಕ್ರಿ.ಶ. 634ರದು. ಅಕ್ಷರಗಳ ಕೆತ್ತನೆ ಆಳವಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದಾಗ ಒಂದೊಂದು ಅಕ್ಷರಕ್ಕೂ ಅಂಚಿನಲ್ಲಿ ನೆರಳು ಮೂಡುತ್ತದೆ, ಸಾಲು ಹಿಡಿದು ಕಣ್ಣಾಡಿಸಬಹುದು. ಮಧ್ಯಾಹ್ನ ಅದೇ ಗೋಡೆ ಬರೀ ಕಲ್ಲು. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡದ್ದು. ನರ್ಮದೆಯ ತೀರದಲ್ಲಿ ಚಾಲುಕ್ಯ ದೊರೆ ಇಮ್ಮಡಿ ಪುಲಕೇಶಿಯ ಎದುರು ಉತ್ತರದ ದೊರೆ ಹರ್ಷನ ಹರ್ಷವೇ ಉದುರಿಹೋಯಿತೆಂದು ಚಾಟಿ ಬೀಸಿರುವುದು ಇಲ್ಲೇ. ಕಾಳಿದಾಸ, ಭಾರವಿಯರಷ್ಟೇ ಕೀರ್ತಿ ತನ್ನದೆಂದು ಕವಿ ಕೊನೆಗೆ ಬೆನ್ನು ತಟ್ಟಿಕೊಂಡಿದ್ದಾನೆ. ಇಳಿಯುವಾಗ ಅರ್ಧ ಕೊರೆದು ಅರ್ಧ ಕಟ್ಟಿದ ಎರಡಂತಸ್ತಿನ ಬೌದ್ಧ ಚೈತ್ಯವನ್ನು ಬಿಡಬೇಡಿ.

ಬಿಸಿಲೇರಿದ ಮೇಲೆ ದುರ್ಗ ಗುಡಿಯ ಆವರಣ. ಟಿಕೆಟ್ 25 ರೂಪಾಯಿ, ಆನ್‌ಲೈನ್‌ನಲ್ಲಿ ತೆಗೆದರೆ 20. ಒಳಗಿನ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ, ವಾರ ನೋಡಿಕೊಂಡು ಹೋಗಿ. ಗಜಪೃಷ್ಠದ ಗುಡಿ, ಅಂದರೆ ಹಿಂಭಾಗ ಆನೆಯ ಬೆನ್ನಿನ ಹಾಗೆ ದುಂಡಗೆ. ಸುತ್ತ ಕಂಬಗಳ ಮೊಗಸಾಲೆ. ಪ್ರದಕ್ಷಿಣೆ ಬಂದರೆ ಗೂಡುಗಳಲ್ಲಿ ನಂದಿಯೊಡನೆ ಶಿವ, ನರಸಿಂಹ, ವರಾಹ, ಮಹಿಷಮರ್ದಿನಿ, ಹರಿಹರ ಒಬ್ಬೊಬ್ಬರೇ ಎದುರಾಗುತ್ತಾರೆ. ದುರ್ಗ ಎಂದರೆ ಇಲ್ಲಿ ಕೋಟೆ, ದೇವಿಯಲ್ಲ. ಬಾಗಿಲ ಶಾಸನದ ಪ್ರಕಾರ ಈ ಗುಡಿ ಆದಿತ್ಯನದು. ತಮಾಷೆಯೆಂದರೆ, ಶಾಸನದಲ್ಲಿ ದುರ್ಗಾ ಭಗವತಿಯ ಹೆಸರಿರುವ ಗುಡಿ ಅದೇ ಆವರಣದಲ್ಲಿದೆ. ಅದನ್ನು ಊರವರು ಕರೆಯುವುದು ಗೌಡರ ಗುಡಿ ಎಂದು.

ಐಹೊಳೆಯ ಗುಡಿಗಳ ಹೆಸರು ಕೇಳಿದರೆ ಊರಿನ ಮನೆ ಪಟ್ಟಿ ಓದಿದಂತೆ. ಗೌಡರು, ಅಂಬಿಗರು, ಹುಚ್ಚಿಮಲ್ಲಿ, ಲಾಡಖಾನ. ದೇವರು ಹೋದ ಮೇಲೆ ಜನ ಒಳಗೆ ಸಂಸಾರ ಹೂಡಿದರು, ಹೆಸರು ಗೋಡೆಗೆ ಅಂಟಿತು. ಅಂಬಿಗರ ಗುಡಿಯ ಬುಡದಲ್ಲಿ ಅಗೆದಾಗ ಚಾಲುಕ್ಯರಿಗಿಂತ ಹಿಂದಿನ ಇಟ್ಟಿಗೆ ಕಟ್ಟಡವೇ ಸಿಕ್ಕಿತು.

ಲಾಡಖಾನ ಗುಡಿಯ ಮಾಡನ್ನು, ಅಂದರೆ ಚಾವಣಿಯನ್ನು, ನೋಡದೆ ಬಂದರೆ ಹೋದದ್ದೇ ದಂಡ. ಹಿಂದೆ ಸರಿದು ನಿಂತು ಕತ್ತೆತ್ತಿ. ಇಳಿಜಾರಾಗಿ ಹಾಸಿದ ದೊಡ್ಡ ಚಪ್ಪಡಿಗಳು. ಎರಡು ಚಪ್ಪಡಿ ಕೂಡುವ ಸಂದಿಯ ಮೇಲೆ ಉದ್ದಕ್ಕೆ ಒಂದು ಕಲ್ಲಿನ ಪಟ್ಟಿ. ಸಂದಿಯಲ್ಲಿ ಮಳೆನೀರು ಇಳಿಯದಿರಲು ಬಡಿಗ ಮರದ ಮಾಡಿಗೆ ಪಟ್ಟಿ ಹೊಡೆಯುತ್ತಾನಲ್ಲ, ಅದೇ ಉಪಾಯ ಕಲ್ಲಿನಲ್ಲಿ. ಹಳೆಯ ವಿದ್ವಾಂಸರು ಇದನ್ನು 5ನೇ ಶತಮಾನಕ್ಕೆ ಒಯ್ದದ್ದು ಈ ಮರಗೆಲಸದ ರೂಪ ನೋಡಿಯೇ. ಈಗ ಇದನ್ನು 7-8ನೇ ಶತಮಾನದ್ದೆನ್ನುತ್ತಾರೆ. ಒಳಗೆ ಹೊರಸುತ್ತಿನಲ್ಲಿ 12 ಕಂಬ, ಒಳಸುತ್ತಿನಲ್ಲಿ 4, ನಡುವೆ ನಂದಿ.

ಟಿಕೆಟ್ ಆವರಣ ಮುಗಿಯಿತೆಂದು ಗಾಡಿ ಹತ್ತಬೇಡಿ. ರಾವಣಫಡಿ ಹೊರಗಿದೆ, ನಡೆದೇ ಹೋಗುವಷ್ಟು ದೂರ. 6ನೇ ಶತಮಾನದ ಗವಿ. ಸಪ್ತಮಾತೃಕೆಯರ ನಡುವೆ ಹತ್ತು ಕೈಯ ಶಿವ ಕುಣಿಯುತ್ತಿದ್ದಾನೆ. ಐಹೊಳೆಯಲ್ಲಿ ಒಂದೇ ಶಿಲ್ಪಕ್ಕೆ ಪುರಸೊತ್ತಿದ್ದರೆ ಇದಕ್ಕೇ ಕೊಡಿ. ಮೂಲೆಗಳಲ್ಲಿ ಕತ್ತಲು, ಮೊಬೈಲಿನ ಬೆಳಕು ಸಾಲುವುದಿಲ್ಲ, ಬ್ಯಾಟರಿ ಒಯ್ಯಿರಿ. ಬೆಳಕನ್ನು ಎದುರಿನಿಂದ ಬಿಡದೆ ಪಕ್ಕದಿಂದ ಹಿಡಿದರೆ ಉಬ್ಬು ತಗ್ಗು ಕಾಣುತ್ತದೆ.

ಊಟದ್ದೇ ಸ್ವಲ್ಪ ಕೊರತೆ. ಊರು ಸಣ್ಣದು, ಖಾನಾವಳಿ ನಂಬಿ ಹೋಗುವ ಜಾಗವಲ್ಲ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಕಟ್ಟಿಕೊಂಡು ಹೋದವರು ಜಾಣರು. ತಲೆಗೆ ಎರಡು ಲೀಟರ್ ನೀರೂ ಇರಲಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆ ಕಾಲ. ಆಗಸ್ಟ್‌ನಲ್ಲಾದರೆ ಮೊದಲು ನವಿಲುತೀರ್ಥ ಅಣೆಕಟ್ಟಿನಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ಕೇಳಿಕೊಳ್ಳಿ. 2019ರಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲು, ಐಹೊಳೆ ಎರಡಕ್ಕೂ ನುಗ್ಗಿತ್ತು. ಬಸ್ಸಿಗೆ ಬಂದವರು ಇಳಿದ ಕೂಡಲೇ ವಾಪಸ್ ಬಸ್ಸಿನ ವೇಳೆ ವಿಚಾರಿಸಬೇಕು, ಸಂಜೆಯ ಕೊನೆಯ ಗಾಡಿ ತಪ್ಪಿದರೆ ಟಂಟಂ ಹೇಳಿದ್ದೇ ದರ. ಸ್ವಂತ ಗಾಡಿಯಿದ್ದರೆ ಅಮೀನಗಡದ ಕಡೆಯಿಂದ ಮರಳಿ. ಅಂಟು, ಬೆಲ್ಲ, ಒಣಕೊಬ್ಬರಿ ಕೂಡಿದ ಅಲ್ಲಿಯ ಕರದಂಟು ಅರ್ಧ ಕಿಲೊ ತಂದರೆ ಮನೆಯಲ್ಲಿ ಒಂದು ದಿನಕ್ಕೂ ಉಳಿಯುವುದಿಲ್ಲ, ಒಂದು ಕಿಲೊ ಕಟ್ಟಿಸಿ.