ಸೋಲಾರ್ ಹಾಕಿಸೋರೇ, ಏಪ್ರಿಲ್ ಬಿಸಿಲು ನೋಡಿ ಸೈನ್ ಹಾಕ್ಬೇಡಿ

ಬರೀಬೇಕೋ ಬೇಡ್ವೋ ಅಂತ ಒಂದು ವಾರ ಒದ್ದಾಡಿದೀನಿ, ಮೋಸ ಹೋಗಿದ್ದನ್ನ ಹೇಳ್ಕೊಳ್ಳೋಕೆ ಯಾರಿಗಾದ್ರೂ ನಾಚಿಕೆನೇ. ಆದ್ರೆ ನಂಗೆ ಸೋಲಾರ್ ಮಾರಿದ ಕಂಪನಿ ಹುಡುಗ ಅದೇ ಫೈಲ್ ಹಿಡ್ಕೊಂಡು ನಮ್ಮ ಪಕ್ಕದೂರಲ್ಲಿ ಓಡಾಡ್ತಿದಾನೆ ಅಂತ ನಿನ್ನೆ ಗೊತ್ತಾಯ್ತು, ಅದಕ್ಕೆ ಬರೀತಿದೀನಿ.

ನಮ್ದು ತೀರ್ಥಹಳ್ಳಿ ಕಡೆ. ಹೋದ ಏಪ್ರಿಲ್ ಕೊನೆಗೆ ತಾರಸಿ ಮೇಲೆ 3 ಕಿಲೋವ್ಯಾಟ್ ಆನ್‌ಗ್ರಿಡ್ (ಕಂಬದ ಕರೆಂಟ್ ಲೈನಿಗೇ ಸೇರಿಸೋದು) ಸೋಲಾರ್ ಹಾಕಿಸ್ದೆ, ಕೇಂದ್ರ ಸರ್ಕಾರದ ಸೂರ್ಯಘರ್ ಯೋಜನೆದು, 78,000 ಸಬ್ಸಿಡಿ ಬರುತ್ತಲ್ಲ ಅದು. ಸಬ್ಸಿಡಿ ಬಂತು, ಅದರ ಬಗ್ಗೆ ತಕರಾರಿಲ್ಲ. ತಕರಾರು ಇರೋದು ಯುನಿಟ್ ಲೆಕ್ಕದ್ದು. ಆ ಹುಡುಗ ನಮ್ಮನೆ ಜಗಲಿ ಮೇಲೆ ಕೂತು ಕಾಫಿ ಕುಡೀತಾ ಮೊಬೈಲ್ ನನ್ ಕಡೆ ತಿರುಗಿಸಿ ಲೆಕ್ಕ ಒತ್ತಿದ, ಕಿಲೋವ್ಯಾಟ್‌ಗೆ ದಿನಕ್ಕೆ 5 ಯುನಿಟ್ ಸಾರ್, ಮೂರಕ್ಕೆ 15, ತಿಂಗಳಿಗೆ 450, ವರ್ಷಕ್ಕೆ 5,400, ಲೋನ್ ಕಂತು ತಾನಾಗೇ ತೀರುತ್ತೆ. ಇನ್ಯಾರದ್ದೋ ಮನೆ ಆ್ಯಪ್ ತೋರಿಸ್ದ, 15.2 ಯುನಿಟ್. ತಾರೀಕು ನೋಡ್ಬೇಕಿತ್ತು. ಅದು ಮಾರ್ಚ್ ತಿಂಗಳದ್ದು, ಆಮೇಲೆ ಗೊತ್ತಾಯ್ತು. ಆಗುಂಬೆ ಮಳೆ ಬೀಳೋ ಸೀಮೆಲಿ ಹುಟ್ಟಿ ಬೆಳ್ದೋನು ನಾನು, ಮಾರ್ಚ್ ಲೆಕ್ಕನ 12 ತಿಂಗಳಿಗೆ ಗುಣಿಸ್ತಿದ್ರೆ ತಲೆ ಆಡಿಸ್ಕೊಂಡು ಕೂತಿದ್ದೆ ಮಾರಾಯ್ರೆ.

ಮೇ ತಿಂಗಳು ದಿನಕ್ಕೆ 13, 14 ಯುನಿಟ್ ಹೀಗೆ ಬಂತು. 15 ಯಾಕಿಲ್ಲ ಅಂದೆ, ಹೊಸದು ಸಾರ್ ಸೆಟ್ ಆಗ್ಬೇಕು ಅಂದ್ರು. ಸೆಟ್ ಆಗೋಕೆ ಅದೇನು ಎಮ್ಮೆನಾ? ಪ್ಯಾನೆಲ್ ಮೇಲೆ ಬರೆದಿರೋ ವ್ಯಾಟ್ 25 ಡಿಗ್ರಿ ಲೆಕ್ಕದ್ದು, ಬಿಸಿಲಿಗೆ ಪ್ಯಾನೆಲ್ 60 ಡಿಗ್ರಿ ಕಾದ್ರೆ ನೂರಕ್ಕೆ ಹತ್ತು ಹನ್ನೆರಡು ಭಾಗ ಹಾಗೇ ಹೋಗುತ್ತೆ, ಇದನ್ನ ನಾನೇ ಓದಿ ತಿಳ್ಕೊಂಡೆ, ಅವರು ಹೇಳ್ಲಿಲ್ಲ.

ಜೂನ್‌ನಲ್ಲಿ ಮಳೆ ಹಿಡೀತು, 5 ಯುನಿಟ್. ಜುಲೈಲಿ 3. ಒಂದಿನ 1.4. ಅದ್ರ ಮೇಲೆ ಗಾಳಿ ಮಳೆಗೆ ಲೈನ್ ಹೋದಾಗ ಸೋಲಾರೂ ಬಂದ್, ಆನ್‌ಗ್ರಿಡ್ ಅಂದ್ರೆ ಕಂಬದ ಕರೆಂಟ್ ಇಲ್ಲದಿದ್ರೆ ಇದೂ ನಿಲ್ಲುತ್ತಂತೆ, ಅದನ್ನೂ ಹೇಳ್ಲಿಲ್ಲ. ಫೋನ್ ಮಾಡಿದ್ರೆ "ಮಳೆ ಅಲ್ವಾ ಸಾರ್, ಅಕ್ಟೋಬರ್ ಬರಲಿ ಸರಿಹೋಗುತ್ತೆ". ಸರಿ ಅಂತ ಸುಮ್ನಾದೆ, ಮಳೆಗೆ ಅವರೇನು ಮಾಡ್ತಾರೆ.

ಅಕ್ಟೋಬರ್ ಬಂತು, 11 ಆಯ್ತು. ನವೆಂಬರ್‌ಗೆ 10. ಡಿಸೆಂಬರ್‌ನಲ್ಲಿ ಒಂದು ಚೂರು ಮೋಡ ಇಲ್ಲ, ಎಂಟೂವರೆ! ಶಿವಮೊಗ್ಗದಲ್ಲಿರೋ ಭಾವಂದೂ 3 ಕಿಲೋವ್ಯಾಟೇ, ಅವರು ಅದೇ ದಿನದ್ದು ಸ್ಕ್ರೀನ್‌ಶಾಟ್ ಕಳಿಸಿದ್ರು, 12.8. ಆವಾಗ ಹೊಟ್ಟೆಲಿ ಬೆಂಕಿ ಬಿತ್ತು.

ಬೆಳಿಗ್ಗೆ ಹತ್ತು ಗಂಟೆಗೆ ತಾರಸಿ ಹತ್ತಿ ನೋಡ್ತೀನಿ, ಆಗ್ನೇಯದ ಎರಡು ತೆಂಗಿನಮರದ ನೆರಳು ಸೀದಾ ಪ್ಯಾನೆಲ್ ಮೇಲೆ ಮಲಗಿದೆ. ಹನ್ನೊಂದೂವರೆವರೆಗೂ. ಎರಡೂವರೆ ಆದ್ಮೇಲೆ ನೀರಿನ ಟ್ಯಾಂಕಿನ ನೆರಳು, ಅದೂ ಎರಡು ಪ್ಯಾನೆಲ್ ಮೇಲೆ. ಅವರು ಅಳತೆಗೆ ಬಂದಿದ್ದು ಏಪ್ರಿಲ್ ಕೊನೆ ವಾರ, ನಮ್ ಕಡೆ ಆಗ ನಡುಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಇರ್ತಾನೆ, ಎಲ್ಲೂ ನೆರಳೇ ಇಲ್ಲ. "ಸೂಪರ್ ತಾರಸಿ ಸಾರ್, ಒಂದು ಚೂರು ನೆರಳಿಲ್ಲ" ಅಂತ ಫೋಟೋ ಬೇರೆ ತೆಗ್ದಿದ್ದ. ದಕ್ಷಿಣಾಯನದಲ್ಲಿ ಸೂರ್ಯ ತೆಂಕಕ್ಕೆ ವಾಲ್ತಾನೆ, ನೆರಳು ಉದ್ದ ಆಗುತ್ತೆ. ಇದು ಅವನಿಗೆ ಗೊತ್ತಿರ್ಲೇಬೇಕಲ್ವಾ, ಅವನ ಕಸುಬೇ ಅದು.

ನಾನು ಮೇಲೆ ನಿಂತು ಬೈತಿದ್ರೆ ಅಮ್ಮ ಕೆಳಗಿಂದ ಹೇಳ್ತಾರೆ, "ಅಲ್ಲಿ ಚಳಿಗಾಲದಲ್ಲಿ ಬಿಸಿಲು ಬೀಳಲ್ಲ ಅಂತ್ಲೇ ಅಲ್ವೇನೋ ನಿನ್ನಪ್ಪ ಆ ಮೂಲೆಲಿ ಅಡಿಕೆ ಹರವ್ತಿರ್ಲಿಲ್ಲ." ಭೂಮಿ ಬಾಯಿ ಬಿಡಬಾರ್ದಾ ಅನ್ನಿಸ್ತು. ಪ್ರತಿ ವರ್ಷ ಅಡಿಕೆ ಒಣಗಿಸೋ ಮನೆಯೋನು ನಾನು, ನೆರಳು ನೋಡಿ ನೋಡಿ ತಟ್ಟಿ ಎಳೆದಾಡಿದೀನಿ, ಎರಡು ಲಕ್ಷದ ಪ್ಯಾನೆಲ್ ಇಡೋವಾಗ ಅದು ನೆನಪಾಗ್ಲಿಲ್ಲ. ಅಮ್ಮನ್ನ ಕೇಳಿದ್ರೆ ಪುಕ್ಕಟೆ ಹೇಳ್ತಿದ್ರು.

ಫೋನ್ ಮಾಡಿ ಕೂಗಾಡ್ದೆ. ಅವರ ಉತ್ತರಗಳು ಕೇಳಿ. ಮೊದಲು, "ಹಾಫ್ ಕಟ್ ಪ್ಯಾನೆಲ್ ಸಾರ್, ನೆರಳಿಗೆ ಏನೂ ಆಗಲ್ಲ". ಆಗುತ್ತೆ ಸ್ವಾಮಿ, ಆರೂ ಪ್ಯಾನೆಲ್ ಒಂದೇ ಲೈನಲ್ಲಿ ಜೋಡಿಸಿದೀರಿ, ನೆರಳು ಬಿದ್ದಿದ್ದು ಉಳಿದವನ್ನೂ ಎಳೆಯುತ್ತೆ, ಹಾಫ್ ಕಟ್ ಅಂದ್ರೆ ಒಳಗಿನ ಸೆಲ್‌ನ ಅರ್ಧಕ್ಕೆ ಕತ್ತರಿಸಿರೋದು, ಅದಾದ್ರೆ ನಷ್ಟ ಸ್ವಲ್ಪ ಕಮ್ಮಿ ಅಷ್ಟೆ. ಆಮೇಲೆ 25 ವರ್ಷ ವಾರಂಟಿ ಅಂದಿದ್ರಲ್ಲ ಅಂದೆ, "ಅದು ಪ್ಯಾನೆಲ್‌ಗೆ ಸಾರ್, ಯುನಿಟ್‌ಗೆ ಯಾರು ಕೊಡ್ತಾರೆ". ಕೊಟೇಶನ್ ತೆಗೆದು ನೋಡಿದ್ರೆ 5,400 ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ "ಅಂದಾಜು". ಕೊನೆಗೆ ಅವನ ಮ್ಯಾನೇಜರ್ ಲೈನಿಗೆ ಬಂದು ತಣ್ಣಗೆ ಅಂದ, "ಆ ಎರಡು ತೆಂಗಿನಮರ ಕಡಿಸಿಬಿಡಿ ಸಾರ್, ಪ್ರಾಬ್ಲಮ್ ಸಾಲ್ವ್." ನನ್ನಪ್ಪ ನೆಟ್ಟ ಮರ ಅದು! ಬೇಡ ಪ್ಯಾನೆಲ್ ಜಾಗ ಬದಲಾಯ್ಸಿ ಅಂದ್ರೆ 18,000 ಎಕ್ಸ್ಟ್ರಾ ಅಂತೆ, ಅವರೇ ಟ್ಯಾಂಕ್ ಹಿಂದೆ ಇಟ್ಟಿದ್ದು, ಕೇಬಲ್ ಉಳಿಸೋಕೆ.

ಸೋಲಾರ್ ಬೇಡ ಅಂತ ಹೇಳ್ತಿಲ್ಲ, ಭಾವನ ಮನೆಲಿ ಚೆನ್ನಾಗೇ ಇದೆ. ಹಾಕಿಸೋದಾದ್ರೆ ಡಿಸೆಂಬರ್ ಜನವರಿಲಿ ಬೆಳಿಗ್ಗೆ 9ಕ್ಕೂ ಸಂಜೆ 4ಕ್ಕೂ ತಾರಸಿ ಹತ್ತಿ ನೆರಳು ನೋಡಿ. ಆ್ಯಪ್ ತೋರಿಸಿದ್ರೆ ಜುಲೈ ತೋರ್ಸು ಅನ್ನಿ, ನಿಮ್ಮೂರಿನ ಹತ್ತಿರದ ಮನೆದು. ವರ್ಷದ ಸರಾಸರಿ ದಿನಕ್ಕೆ ಕಿಲೋವ್ಯಾಟ್‌ಗೆ 4 ಯುನಿಟ್‌ಗಿಂತ ಜಾಸ್ತಿ ಹೇಳೋನನ್ನ ಜಗಲಿಯಿಂದಲೇ ಕಳಿಸಿ, ಮಲೆನಾಡಲ್ಲಂತೂ ಇನ್ನೂ ಕಮ್ಮಿ ಅಂದ್ಕೊಳ್ಳಿ. ಕಾಫಿ ಕೊಡ್ಬೇಡಿ.

ಇವತ್ತು ಮಧ್ಯಾಹ್ನ ಆ ಹುಡುಗನದ್ದೇ ಮೆಸೇಜ್ ಬಂತು, "ಫೆಬ್ರವರಿ ಬರಲಿ ಸಾರ್, ಸರಿಹೋಗುತ್ತೆ". ಸರಿಹೋಗುತ್ತೆ, ಗೊತ್ತು. ಜೂನ್ ತನಕ.